ಮೈಕ್‌ಸೆಟ್ಟಿನ ತಂತಿ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಳ್ಳಿಗಳಲ್ಲಿ ಮದುವೆ, ಜಾತ್ರೆ, ನಾಟಕ ಏನೇ ಇರಲಿ, ಮೊದಲು ಬಂದಿಳಿಯುತ್ತಿದ್ದವರು ಮೈಕ್‌ಸೆಟ್ಟಿನವರು. ಚಪ್ಪರಕ್ಕೆ ಗಳ ನೆಡುವ ಹೊತ್ತಿಗೇ ಒಬ್ಬ ಹುಡುಗ ತೆಂಗಿನ ಮರ ಹತ್ತಿ ಹಾರನ್ ಕಟ್ಟುತ್ತಿದ್ದ. ಹಾಡು ಕೇಳಿಸಿದರೆ ಆ ಊರಲ್ಲಿ ಕಾರ್ಯವಿದೆ ಎಂದು ಸುತ್ತಲಿನವರಿಗೆ ತಿಳಿಯುತ್ತಿತ್ತು. ಈಗ ಅದೇ ಊರುಗಳಲ್ಲಿ ಗಣಪತಿ ಬಿಡುವ ದಿನ ಟ್ರ್ಯಾಕ್ಟರಿನ ಮೇಲೆ ಬಾಸ್ ಬಿನ್ ಎಂಬ ದೊಡ್ಡ ಸ್ಪೀಕರ್ ಪೆಟ್ಟಿಗೆಗಳು ಒಂದರ ಮೇಲೊಂದು ಕೂರುತ್ತವೆ. ದೂರದವರಿಗೆ ಮಾತು ಮುಟ್ಟಿಸುತ್ತಿದ್ದ ಕಸುಬು ಹತ್ತಿರ ನಿಂತವರ ಎದೆ ನಡುಗಿಸುವ ಕಸುಬಾಯಿತು. ಅದು ಹೇಗಾಯಿತೆಂದು ತಿಳಿಯಲು ಆಂಪ್ಲಿಫೈಯರಿನ ಬೆನ್ನಿಂದ ಹೊರಟ ತಂತಿಯನ್ನು ಹಿಡಿದು ಹೋಗಬೇಕು.

ಹಾರನ್ನಿನ ಹುಟ್ಟು ಅಮೆರಿಕದಲ್ಲಿ. ಪೀಟರ್ ಜೆನ್ಸನ್, ಎಡ್ವಿನ್ ಪ್ರಿಡಮ್ ಎಂಬಿಬ್ಬರು 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬಯಲಿನಲ್ಲಿ ಭಾರೀ ಜನಸಂದಣಿಗೆ ಅದರ ದನಿ ಕೇಳಿಸಿದರು. ನಮ್ಮ ದೇಶದಲ್ಲಿ ಅದನ್ನು ಜನರ ಸಭೆಗೆ ತಂದವರಲ್ಲಿ ಮುಂಬಯಿಯ ಚಿಕಾಗೋ ರೇಡಿಯೋದ ಮೋಟ್ವಾನಿ ಮನೆತನದವರು ಮುಖ್ಯರು. ಗಾಂಧಿ, ನೆಹರೂ ಭಾಷಣದ ಹಳೆಯ ಫೋಟೋಗಳಲ್ಲಿ ಮೈಕಿನ ಮೇಲೆ ಕಾಣುವ ಹೆಸರು ಅವರದೇ. 1940ರಲ್ಲಿ ಅಹೂಜಾ ಕಂಪನಿ ಶುರುವಾಯಿತು. ಮುಂದೆ ಕರ್ನಾಟಕದ ಮೈಕ್‌ಸೆಟ್ ಅಂಗಡಿಗಳಲ್ಲಿ ಈ ಹೆಸರು ಮನೆಮಾತಾಯಿತು.

ಹಳ್ಳಿಗಳು ಈ ದನಿಗೆ ಮೊದಲು ಕಿವಿಗೊಟ್ಟದ್ದು ಬಹುಮಟ್ಟಿಗೆ ಟೆಂಟ್ ಸಿನಿಮಾದಿಂದ. 1934ರಲ್ಲಿ ‘ಸತಿ ಸುಲೋಚನ’ ತೆರೆ ಕಂಡು ಕನ್ನಡ ಚಿತ್ರ ಮಾತಾಡಲು ಕಲಿತ ಮೇಲೆ, ಟೂರಿಂಗ್ ಟಾಕೀಸುಗಳು ಊರೂರಿಗೆ ಡೇರೆ ಹೊತ್ತು ಬಂದವು. ಆಟ ಶುರುವಾಗುವ ಮುನ್ನ ಕಂಬದ ಮೇಲಿನ ಹಾರನ್ನಿನಲ್ಲಿ ಘಂಟಸಾಲ ಹಾಡಿದ ತಿರುಪತಿ ವೆಂಕಟೇಶನ ಹಾಡು ಹಾಕುವುದು ವಾಡಿಕೆಯಾಗಿತ್ತು. ಗದ್ದೆಯಲ್ಲಿದ್ದವರು ಅದನ್ನು ಕೇಳಿಯೇ ಟೆಂಟಿನತ್ತ ಹೆಜ್ಜೆ ಹಾಕುತ್ತಿದ್ದರು.

ಸಣ್ಣ ಆಂಪ್ಲಿಫೈಯರಿನಿಂದ ಅಷ್ಟು ದೂರದ ದನಿ ಹೇಗೆ ಹೊರಟಿತು? ಸಾಧಾರಣ ಸ್ಪೀಕರು ತನಗೆ ಬಂದ ವಿದ್ಯುತ್ತಿನಲ್ಲಿ ನೂರಕ್ಕೆ ಒಂದೆರಡು ಪಾಲನ್ನಷ್ಟೇ ಸದ್ದಾಗಿಸುತ್ತದೆ. ಒಳ್ಳೆಯ ಹಾರನ್ ಹತ್ತು ಪಾಲನ್ನೂ ದಾಟಬಲ್ಲದು. ಹಿಂದಿನ ಯೂನಿಟ್ಟಿನಲ್ಲಿರುವ ಪುಟ್ಟ ಡಯಾಫ್ರಂ ಮತ್ತು ಹೊರಗಿನ ಗಾಳಿಯ ನಡುವೆ, ಮೆಲ್ಲನೆ ಅಗಲವಾಗುವ ಆ ಕೊಳವೆ ಹೊಂದಾಣಿಕೆ ಮಾಡಿಕೊಡುತ್ತದೆ.

ಇನ್ನೊಂದು ಜಾಣತನ ತಂತಿಯದು. ಆಂಪ್ಲಿಫೈಯರಿನಲ್ಲಿ 100 ವೋಲ್ಟ್ ಲೈನ್ ಎಂಬ ಟರ್ಮಿನಲ್ ಇರುತ್ತದೆ. 100 ವ್ಯಾಟ್ ಅಲ್ಲಿಂದ ಹೊರಟರೆ ತಂತಿಯಲ್ಲಿ ಹರಿಯುವುದು 1 ಆಂಪಿಯರ್. ಅದೇ 100 ವ್ಯಾಟನ್ನು ನೇರವಾಗಿ 4 ಓಮ್ ಸ್ಪೀಕರಿಗೆ ಕೊಟ್ಟರೆ 5 ಆಂಪಿಯರ್. ಕರೆಂಟು ಐದು ಪಟ್ಟಾದರೆ ಅದೇ ತಂತಿಯಲ್ಲಿ ನಷ್ಟ ಇಪ್ಪತ್ತೈದು ಪಟ್ಟು. ಅದಕ್ಕೇ ಪ್ರತಿ ಹಾರನ್ನಿಗೂ ಎಲ್‌ಎಂಟಿ ಎಂಬ ಪುಟ್ಟ ಟ್ರಾನ್ಸ್‌ಫಾರ್ಮರ್ ಸೇರಿಸಿ, ತೆಳ್ಳನೆಯ ವೈರನ್ನು ದೇವಸ್ಥಾನದಿಂದ ಊರಬಾಗಿಲವರೆಗೂ ಮರದಿಂದ ಮರಕ್ಕೆ ಎಳೆಯಲು ಸಾಧ್ಯವಾಯಿತು. ಲೆಕ್ಕವೂ ಸುಲಭ. ಹಾರನ್‌ಗಳ ವ್ಯಾಟನ್ನು ಕೂಡಿಸಬೇಕು, ಆಂಪ್ಲಿಫೈಯರಿನ ವ್ಯಾಟನ್ನು ಅದು ಮೀರಬಾರದು. ಓಮ್‌ನ ನಿಯಮ ಓದದವನೂ ಈ ಕೂಡುಲೆಕ್ಕದಿಂದ ಜಾತ್ರೆ ನಡೆಸಿಕೊಡುತ್ತಿದ್ದ. ಹಳ್ಳಿಗೆ ಇದಕ್ಕಿಂತ ಒಪ್ಪುವ ತಂತ್ರಜ್ಞಾನ ಬಂದದ್ದು ಅಪರೂಪ.

ಈ ಸೀಮೆಯ ಪೌರಾಣಿಕ ನಾಟಕಕ್ಕೂ ಅದು ಹೊಂದಿಕೊಂಡಿತು. ಸುಗ್ಗಿ ಮುಗಿದ ಮೇಲೆ ‘ಕುರುಕ್ಷೇತ್ರ’ವನ್ನೋ ‘ದಾನಶೂರ ಕರ್ಣ’ನನ್ನೋ ಹಾರ್ಮೋನಿಯಂ ಮೇಷ್ಟ್ರ ಕೈಯಲ್ಲಿ ತಿಂಗಳುಗಟ್ಟಲೆ ಕಲಿತು ಬೆಳಗಿನವರೆಗೆ ಆಡುವುದು ಇಲ್ಲಿನ ರೈತರ ದೊಡ್ಡ ಹಂಬಲ. ರಂಗದ ನಡುವೆ ತೂಗುವ ಮೈಕಿನ ಕೆಳಗೆ ಬಂದು ಭೀಮನೂ ದುರ್ಯೋಧನನೂ ಕಂದ ಹಾಡಬೇಕು. ಮೈಕಿಲ್ಲದ ಕಾಲದ ನಟ ಹಿಂದಿನ ಸಾಲಿಗೂ ಕೇಳುವ ಕಂಠವನ್ನು ಸಾಧನೆಯಿಂದ ಗಳಿಸಬೇಕಿತ್ತು. ಮೈಕು ಬಂದ ಮೇಲೆ ಮೆಲುದನಿಯವನಿಗೂ ಪಾತ್ರ ಸಿಕ್ಕಿತು. ಆದರೆ ಹಾರನ್ನಿಗೆ ಒಂದು ಮಿತಿಯಿದೆ. ಸುಮಾರು 300 ಹರ್ಟ್ಸ್‌ಗಿಂತ ಕೆಳಗಿನ ಸ್ವರ ಅದರ ಬಾಯಲ್ಲಿ ಸರಿಯಾಗಿ ಹೊರಡದು. ಮಾತು, ನಾಗಸ್ವರ, ತಮಟೆಯ ಚಟಪಟ ದೂರ ಹೋದವು. ಡೊಳ್ಳಿನ ಗುಡುಗು ಮರದ ಮೇಲಿನ ಹಾರನ್ನಿನಲ್ಲಿ ಉಳಿಯಲಿಲ್ಲ.

ಆ ಗುಡುಗನ್ನು ಹಿಡಿಯುವ ಬಗೆ ಹೊರಗೆ ಎಂದೋ ತಿಳಿದಿತ್ತು. 40 ಹರ್ಟ್ಸ್ ಸ್ವರದ ಒಂದು ಅಲೆಯ ಉದ್ದ ಸುಮಾರು 8.6 ಮೀಟರ್. ಅದಕ್ಕೆ ತಕ್ಕ ಹಾರನ್ ಮಾಡಹೊರಟರೆ ಬಾಯಿಯೇ ಎರಡೂವರೆ ಮೀಟರ್ ಮೀರುತ್ತದೆ. 1933ರಲ್ಲಿ ಬೆಲ್ ಲ್ಯಾಬ್ಸ್‌ನವರು ಫಿಲಡೆಲ್ಫಿಯಾದಲ್ಲಿ ನುಡಿಸುತ್ತಿದ್ದ ಆರ್ಕೆಸ್ಟ್ರಾವನ್ನು ವಾಷಿಂಗ್ಟನ್ನಿನಲ್ಲಿ ಕೇಳಿಸಿದಾಗ ಹಾರನ್ನಿನ ದಾರಿಯನ್ನು ಮಡಿಸಿ ಪೆಟ್ಟಿಗೆಯೊಳಗೆ ಕೂರಿಸಿದ್ದರು. 1945ರಲ್ಲಿ ಆಲ್ಟೆಕ್ ಲ್ಯಾನ್ಸಿಂಗ್ ಕಂಪನಿ ಸಿನಿಮಾ ಪರದೆಯ ಹಿಂದೆ ನಿಲ್ಲುವ ದೊಡ್ಡ ಬಾಸ್ ಹಾರನ್‌ಗಳನ್ನು ತಂದಿತು. ಪಾಲ್ ಕ್ಲಿಪ್ಶ್ ಅದೇ ಕಾಲದಲ್ಲಿ ಕೋಣೆಯ ಮೂಲೆಯ ಗೋಡೆಗಳನ್ನೇ ಹಾರನ್ನಿನ ಮುಂದುವರಿಕೆಯಾಗಿ ಬಳಸಿದ. ಬಿನ್‌ಗಳನ್ನು ನೆಲಕ್ಕೆ ಇಟ್ಟು, ಒತ್ತೊತ್ತಾಗಿ ಜೋಡಿಸುವುದರ ಹಿಂದಿರುವುದೂ ಇದೇ ತತ್ವ. ನಾಲ್ಕು ಬಾಯಿ ಸೇರಿ ಒಂದು ದೊಡ್ಡ ಬಾಯಾಗುತ್ತದೆ, ಕೆಳಗಿನ ಸ್ವರ ಇನ್ನಷ್ಟು ತುಂಬಿ ಬರುತ್ತದೆ.

ನಡುವೆ ಆಂಪ್ಲಿಫೈಯರಿನ ಹೊಟ್ಟೆಯೂ ಬದಲಾಯಿತು. ಬೆಂಗಳೂರಿನ ಬಿಇಎಲ್ 1961ರಲ್ಲಿ ರೇಡಿಯೋ ವಾಲ್ವ್ ತಯಾರಿಸತೊಡಗಿ, ಮರುವರ್ಷವೇ ಜರ್ಮೇನಿಯಂ ಸೆಮಿಕಂಡಕ್ಟರಿಗೆ ಕೈಹಾಕಿತು. ಒಂದು ಯುಗ ಬೆಳೆಯುತ್ತಿದ್ದಾಗಲೇ ಅದರ ವಾರಸುದಾರನೂ ಹುಟ್ಟಿದ್ದ. ವಾಲ್ವ್ ಆಂಪ್ಲಿಫೈಯರಿಗೆ ಲೋಡ್ ಇಲ್ಲದಿರುವುದೇ ಅಪಾಯ. ಸ್ಪೀಕರ್ ತಂತಿ ಕಳಚಿ ಬಿದ್ದು ಹಾಡು ಮುಂದುವರಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕಿಡಿ ಹಾರಿ ಸುಡಬಹುದು. ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಇದಕ್ಕೆ ತಿರುಗುಮುರುಗು: ತಂತಿ ಕಳಚಿದರೆ ಅದಕ್ಕೆ ಚಿಂತೆಯಿಲ್ಲ, ಎರಡು ಎಳೆ ತಾಗಿ ಶಾರ್ಟ್ ಆದರೆ, ಇಲ್ಲವೇ ಓಮ್ ತೀರ ಕಡಿಮೆಯಾದರೆ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಹೋಗುತ್ತವೆ. ಹಳಬರು ಕೈಗೆ ರೂಢಿಸಿಕೊಂಡಿದ್ದ ಎಚ್ಚರವನ್ನೇ ಮಗುಚಿ ಹಾಕಿ ಹೊಸದಾಗಿ ಕಲಿಯಬೇಕಾಯಿತು.

ಬಾಸ್ ಬಿನ್ನು ಬಂದಾಗ ಆ ಕಲಿಕೆ ಇನ್ನೂ ಬಿಗಿಯಾಯಿತು. ಇಲ್ಲಿ ಎಲ್‌ಎಂಟಿ ಇಲ್ಲ, ವ್ಯಾಟ್ ಕೂಡಿಸಿದರೆ ಸಾಲದು. 8 ಓಮ್‌ನ ಎರಡು ಬಿನ್ ಪ್ಯಾರಲಲ್ ಆದರೆ 4 ಓಮ್, ನಾಲ್ಕಾದರೆ 2 ಓಮ್. ಎರಡೆರಡನ್ನು ಸೀರೀಸ್ ಮಾಡಿ, ಆ ಎರಡು ಜೋಡಿಗಳನ್ನು ಪ್ಯಾರಲಲ್ ಮಾಡಿದರೆ ಮತ್ತೆ 8 ಓಮ್. ಆಂಪ್ಲಿಫೈಯರ್ ಎಷ್ಟು ಕೆಳಗಿಳಿಯಬಲ್ಲದು ಎಂಬುದು ಗೊತ್ತಿಲ್ಲದೆ ಇನ್ನೊಂದು ಬಿನ್ ಸಿಕ್ಕಿಸಿದವನಿಗೆ ಅದು ಮೆರವಣಿಗೆ ನಡುವೆಯೇ ಕೈಕೊಡುತ್ತದೆ. ತಂತಿಯ ದಪ್ಪವೂ ಲೆಕ್ಕಕ್ಕೆ ಬಂತು. 2.5 ಚದರ ಮಿಲಿಮೀಟರಿನ ತಾಮ್ರದ ಕೇಬಲನ್ನು 30 ಮೀಟರ್ ಎಳೆದು 4 ಓಮ್ ಬಿನ್‌ಗೆ ಕೊಟ್ಟರೆ ಹತ್ತರಲ್ಲಿ ಒಂದು ಪಾಲು ಶಕ್ತಿ ತಂತಿಯಲ್ಲೇ ಬಿಸಿಯಾಗಿ ಮುಗಿಯುತ್ತದೆ. ಊರುದ್ದ ವೈರು ಎಳೆದ ಕಸುಬು ಆಂಪ್ಲಿಫೈಯರನ್ನು ಬಿನ್ನಿನ ಪಕ್ಕಕ್ಕೇ ತಂದಿಟ್ಟಿತು.

ಪ್ಲಸ್ಸು ಮೈನಸ್ಸಿನ ವಿಷಯ ಇನ್ನೂ ಸೂಕ್ಷ್ಮ. ದೂರದೂರದ ಮರಗಳಲ್ಲಿದ್ದ ಹಾರನ್‌ಗಳಲ್ಲಿ ಒಂದರ ತಂತಿ ಅದಲುಬದಲಾದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಒತ್ತಾಗಿ ನಿಂತ ಬಿನ್‌ಗಳಲ್ಲಿ ಹಾಗಾದರೆ ಒಂದು ಗಾಳಿಯನ್ನು ನೂಕುವಾಗ ಇನ್ನೊಂದು ಎಳೆಯುತ್ತದೆ, ಬಾಸ್ ಸತ್ತೇ ಹೋಗುತ್ತದೆ. ತೆರೆದ ಸ್ಪೀಕರಾದರೆ ಸಣ್ಣ ಸೆಲ್ ತಾಗಿಸಿ ಕೋನ್ ಮುಂದೆ ಬಂತೇ ಹಿಂದೆ ಹೋಯಿತೇ ಎಂದು ನೋಡಬಹುದು. ಮಡಿಸಿದ ಹಾರನ್ನಿನಲ್ಲಿ ಕೋನ್ ಒಳಗೆ ಅಡಗಿರುತ್ತದೆ. ಒಂದೊಂದೇ ಬಿನ್ ಸೇರಿಸುತ್ತ ಕಿವಿಯಿಂದಲೇ ಹಿಡಿಯಬೇಕು. ಈ ಕಿವಿಗೆ ಯಾವ ಕಾಲೇಜೂ ಸರ್ಟಿಫಿಕೇಟ್ ಕೊಟ್ಟಿಲ್ಲ, ಆದರೂ ಇದು ನಿಜವಾದ ವಿದ್ಯೆ. ಜಿಲ್ಲೆಯ ಚರಿತ್ರೆ ಬರೆಯುವವರು ದೇವಾಲಯದ ಶಿಲ್ಪಿಗಳ ಜೊತೆಗೆ ಇಂಥವರಿಗೂ ಒಂದು ಪುಟ ಕೊಡಬೇಕು.

ದೂರಕ್ಕೆ ಮುಟ್ಟಿಸುವ ಹಳೆಯ ಕೆಲಸ ಎಷ್ಟು ದೊಡ್ಡದೆಂದು ತಿಳಿಯಲು ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳವನ್ನು ನೆನೆದರೆ ಸಾಕು. 1981ರ ಸಹಸ್ರಾಬ್ದಿ ಮಹಾಮಸ್ತಕಾಭಿಷೇಕಕ್ಕೆ ಇಂದಿರಾ ಗಾಂಧಿ ಹೆಲಿಕಾಪ್ಟರಿನಿಂದ ಹೂ ಸುರಿಸಿದ್ದರು. ಅಭಿಷೇಕ ಬೆಟ್ಟದ ತುದಿಯಲ್ಲಿ, ಜನ ಕೆಳಗಿನ ಬಯಲಿನಲ್ಲಿ. ಅಂಥಲ್ಲಿ ಬೇಕಾದದ್ದು ಎದೆ ನಡುಗುವ ಬಾಸ್ ಅಲ್ಲ, ಪ್ರತಿ ಅಕ್ಷರವೂ ಬಿಡಿಬಿಡಿಯಾಗಿ ಕೇಳುವ ಮಾತು. ಆಶ್ವಯುಜ ಹುಣ್ಣಿಮೆಯ ಅನಂತರದ ಗುರುವಾರ ದೇವಾಲಯದ ಬಾಗಿಲು ತೆರೆದಾಗ ಹಾಸನಾಂಬೆಯ ದರ್ಶನಕ್ಕೆ ಬೆಳೆಯುವ ಸಾಲಿಗೂ ಬೇಕಾದದ್ದು ಅಂಥ ಮಾತೇ.

2000ದಲ್ಲಿ ಬಂದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನ ಧ್ವನಿವರ್ಧಕವನ್ನು ತಡೆದವು. ವರ್ಷಕ್ಕೆ 15 ದಿನ ಮೀರದಂತೆ ಹಬ್ಬಗಳಿಗೆ ನಡುರಾತ್ರಿವರೆಗೆ ಸರ್ಕಾರ ವಿನಾಯಿತಿ ಕೊಡಬಹುದು. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಬೆಳಗಿನವರೆಗೆ ಆಡುವ ನಾಟಕಕ್ಕೂ ಬಿನ್ ಹೊತ್ತ ಟ್ರ್ಯಾಕ್ಟರಿಗೂ ಒಂದೇ ನಿಯಮ ಬಿದ್ದದ್ದು ನಾಟಕದವರಿಗೆ ನಿಜವಾದ ಪೆಟ್ಟು. ಮಕ್ಕಳ ಪರೀಕ್ಷೆ, ಮುದುಕರ ನಿದ್ದೆ ನೆನೆದರೆ ನಿಯಮ ಬೇಡವೆನ್ನಲೂ ಆಗದು.

ಈಚೆಗೆ ಆಂಪ್ಲಿಫೈಯರ್ ಪೆಟ್ಟಿಗೆಯೊಳಕ್ಕೇ ಸೇರಿದ ಸ್ಪೀಕರುಗಳು ಬಂದಿವೆ. ಓಮ್, ಸೀರೀಸ್, ಪ್ಯಾರಲಲ್ ಎಲ್ಲವನ್ನೂ ಕಾರ್ಖಾನೆಯಲ್ಲೇ ತೀರ್ಮಾನಿಸಿರುತ್ತಾರೆ. ಬಾಡಿಗೆಯವನು ಕರೆಂಟಿನ ಪ್ಲಗ್ಗು, ಸಿಗ್ನಲ್ ವೈರು ಎರಡನ್ನು ಸಿಕ್ಕಿಸಿದರೆ ಆಯಿತು.