ಉತ್ತುತ್ತೆ ಬಂದ ದಾರಿ

ನಮ್ಮ ಸೀಮೆಯಲ್ಲಿ ಹೆಣ್ಣುಮಗಳಿಗೆ ಮಡಿಲು ತುಂಬುವಾಗ ಅಕ್ಕಿ, ಬೆಲ್ಲ, ಕೊಬ್ಬರಿ ಗಿಟುಕಿನ ಜೊತೆ ಉತ್ತುತ್ತೆಯೂ ಇರಬೇಕು. ಅದೇ ಉತ್ತುತ್ತೆಯನ್ನು ನಮ್ಮ ಮನೆಗಳಲ್ಲಿ ನಿಕಾಹ್ ಮುಗಿದ ಕೂಡಲೇ ಸಭೆಗೆ ಹಂಚುತ್ತಾರೆ. ನಮ್ಮ ದಖ್ಖನಿ ಮಾತಿನಲ್ಲಿ ಅದು ಖಾರಿಕ್. ಬಾಣಂತಿಯ ಅಂಟಿನುಂಡೆಗೆ ಅದನ್ನು ಕುಟ್ಟಿ ಹಾಕುವ ವಿಷಯದಲ್ಲಂತೂ ಗೌಡರ ಮನೆಗೂ ಸಾಬರ ಮನೆಗೂ ಯಾವ ವ್ಯತ್ಯಾಸವೂ ಇಲ್ಲ. ಆದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕೂ ಸೀಮೆಗಳಲ್ಲಿ ಹುಡುಕಿದರೆ ಈಚಲು ಮರ ಸಿಕ್ಕೀತೇ ಹೊರತು ಉತ್ತುತ್ತೆಯಾಗುವ ಖರ್ಜೂರದ ತೋಟ ಸಿಗುವುದಿಲ್ಲ. ಅದು ಸಿಂಧ್‌ನಿಂದ, ಬಸ್ರಾದಿಂದ, ಮಸ್ಕತ್ತಿನಿಂದ ಬಂದದ್ದು. ನಮ್ಮ ಅತ್ಯಂತ ಒಳಗಿನ ಶಾಸ್ತ್ರಕ್ಕೆ ಬೇಕಾದ ವಸ್ತು ಅತ್ಯಂತ ಹೊರಗಿನದು!

ಹಾಗಾದರೆ ಇದನ್ನು ತಂದವರು ಯಾರು? ಚರಿತ್ರೆಯ ಪುಸ್ತಕಗಳು ಕೋಟೆ ಕಟ್ಟಿದವರ ಹೆಸರನ್ನು, ಕೆಡವಿದವರ ಹೆಸರನ್ನು ಬರೆದಿಟ್ಟಿವೆ. ಮೂಟೆ ಹೊತ್ತವರ ಹೆಸರನ್ನು ಬರೆದಿಲ್ಲ. ಆದರೂ ಅಲ್ಲಲ್ಲಿ ಚೆಲ್ಲಿರುವ ಸುಳಿವುಗಳನ್ನು ಆಯ್ದರೆ ಒಂದು ಸಂಗತಿ ಕಾಣುತ್ತದೆ. ಆಹಾರವನ್ನು ದೂರದಿಂದ ತರುವ ಕೆಲಸ ಬಹುಮಟ್ಟಿಗೆ ಒಂದೇ ಮನೆಯವರ ಕೆಲಸವಾಗಿತ್ತು. ಅಣ್ಣ ಊರಲ್ಲಿ, ತಮ್ಮ ಬಂದರಿನಲ್ಲಿ. ಒಬ್ಬರನ್ನೊಬ್ಬರು ಕಣ್ಣಿಂದ ನೋಡದೆ ತಿಂಗಳುಗಟ್ಟಲೆ ನಂಬಬೇಕಾದ ವ್ಯಾಪಾರವಿದು. ಬ್ಯಾಂಕಿಲ್ಲದ, ತಂತಿಯಿಲ್ಲದ ಕಾಲದಲ್ಲಿ ಅಂಥ ನಂಬಿಕೆಗೆ ರಕ್ತಸಂಬಂಧವೇ ಜಾಮೀನು.

ನಾಲ್ವರು ಅಣ್ಣತಮ್ಮಂದಿರು

ಇಂಥ ಮನೆತನದ ವ್ಯಾಪಾರದ ಬಹು ಹಳೆಯ ಕತೆಯೊಂದು ಇಸ್ಲಾಮಿನ ಪರಂಪರೆಯಲ್ಲಿಯೇ ಇದೆ. ಮಕ್ಕಾ ಬೆಳೆ ಬೆಳೆಯದ ಊರು. ಪ್ರವಾದಿ ಮುಹಮ್ಮದ್(ಸ)ರ ಮುತ್ತಜ್ಜನ ಕಾಲದಲ್ಲಿ, ಅಬ್ದು ಮನಾಫ್‌ರ ನಾಲ್ವರು ಮಕ್ಕಳು ದಿಕ್ಕುಗಳನ್ನು ಹಂಚಿಕೊಂಡರೆಂದು ಹಳೆಯ ಚರಿತ್ರಕಾರರು ಹೇಳುತ್ತಾರೆ. ಹಾಶಿಮ್ ಸಿರಿಯಾ ಕಡೆಗೆ, ಅಬ್ದು ಶಮ್ಸ್ ಅಬಿಸೀನಿಯಾ ಕಡೆಗೆ, ಮುತ್ತಲಿಬ್ ಯೆಮನ್ ಕಡೆಗೆ, ನೌಫಲ್ ಇರಾಕ್ ಕಡೆಗೆ. ಪ್ರತಿಯೊಬ್ಬರೂ ಆಯಾ ರಾಜ್ಯದಿಂದ, ದಾರಿಯ ಬುಡಕಟ್ಟುಗಳಿಂದ ಸುರಕ್ಷಿತ ಸಂಚಾರದ ಒಪ್ಪಂದ ಪಡೆದುಕೊಂಡರು. ಕುರ್‌ಆನಿನ 'ಕುರೈಶ್' ಅಧ್ಯಾಯ ಚಳಿಗಾಲದ ಮತ್ತು ಬೇಸಿಗೆಯ ಪ್ರಯಾಣಗಳನ್ನು ನೆನಪಿಸುವುದು ಈ ಹಿನ್ನೆಲೆಯಲ್ಲಿ.

ಹಾಶಿಮ್‌ರ ನಿಜನಾಮ ಅಮ್ರ್. ಮಕ್ಕಾದಲ್ಲಿ ಬರ ಬಿದ್ದಾಗ ಅವರು ಸಿರಿಯಾ ಕಡೆಯಿಂದ ಒಂಟೆಗಳ ಮೇಲೆ ಹಿಟ್ಟು ತರಿಸಿ, ರೊಟ್ಟಿ ಮಾಡಿಸಿ, ಅದನ್ನು ಮುರಿದು ಸಾರಿಗೆ ಹಾಕಿ ಊರಿಗೇ ಉಣಬಡಿಸಿದರಂತೆ. ರೊಟ್ಟಿ ಮುರಿದವರೆಂದೇ ಅವರಿಗೆ 'ಹಾಶಿಮ್' ಎಂಬ ಹೆಸರು ಬಂತು. ಪ್ರಯಾಣದಲ್ಲೇ ತೀರಿಕೊಂಡ ಅವರ ಸಮಾಧಿ ಗಾಝಾದಲ್ಲಿದೆ ಎಂಬುದು ನಂಬಿಕೆ. ಅಲ್ಲಿನ ಹಳೆಯ ಮಸೀದಿಯೊಂದಕ್ಕೆ ಅವರದೇ ಹೆಸರು. ಹಸಿದವರಿಗೆ ಹೊರಗಿನಿಂದ ಹಿಟ್ಟು ತಂದವರ ಹೆಸರು ಹೊತ್ತ ಆ ನಗರದಲ್ಲಿ, ಹಿಟ್ಟಿನ ಲಾರಿಗಳನ್ನು ಗಡಿಯಲ್ಲಿ ತಡೆದ ಕಾರಣಕ್ಕೆ 2025ರ ಆಗಸ್ಟ್‌ನಲ್ಲಿ ಕ್ಷಾಮವಿದೆಯೆಂದು ಘೋಷಿಸಬೇಕಾಯಿತು. ಆಹಾರ ತರುವ ದಾರಿ ಬರೀ ಲಾಭದ ದಾರಿಯಲ್ಲ, ಜೀವದ ದಾರಿ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಕನಕಾನಹಳ್ಳಿಯ ದಾರಿಯಲ್ಲಿ

ನಮ್ಮ ಸೀಮೆಗೂ ಈ ಪಾಠ ಹೊಸದಲ್ಲ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೊರಟದ್ದು ಕನಕಾನಹಳ್ಳಿಯ, ಅಂದರೆ ಇಂದಿನ ಕನಕಪುರದ ದಾರಿಯಲ್ಲಿ. ಶತ್ರುವಿಗೆ ಒಂದು ಹಿಡಿ ಕಾಳೂ ಸಿಗದಿರಲೆಂದು ಟಿಪ್ಪು ಆ ದಾರಿಯ ಮೇವು, ಧಾನ್ಯಗಳನ್ನು ನಾಶ ಮಾಡಿಸಿದ್ದ. ಶ್ರೀರಂಗಪಟ್ಟಣದ ಬಾಗಿಲಿಗೆ ಹೋದರೂ ದನಗಳು ಸತ್ತು, ಸೈನಿಕರು ಹಸಿದು, ಕಾರ್ನ್‌ವಾಲಿಸ್ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ಹಿಂದಿರುಗಿದ. ಎರಡನೆಯ ಸಲ ಅವನು ಎಚ್ಚರಗೊಂಡಿದ್ದ. 1791ರ ಡಿಸೆಂಬರಿನಲ್ಲಿ ಮಾಗಡಿಯ ಸಾವನದುರ್ಗವನ್ನು ಹಿಡಿದು ದಾರಿ ಭದ್ರಪಡಿಸಿಕೊಂಡ. ಬಂಜಾರರ ಎತ್ತಿನ ಹಿಂಡುಗಳ ಮೇಲೆ ಧಾನ್ಯ ತರಿಸಿಕೊಂಡ. ಇಡೀ ಕುಟುಂಬವೇ, ಹೆಂಗಸರು ಮಕ್ಕಳೊಂದಿಗೆ, ಎತ್ತಿನ ಜೊತೆ ನಡೆಯುವ ವ್ಯಾಪಾರ ಬಂಜಾರರದು. ಆ ಯುದ್ಧವನ್ನು ಗೆದ್ದದ್ದು ಫಿರಂಗಿಯೋ ಹೇರೆತ್ತೋ ಎಂದು ಕೇಳಿದರೆ ತಪ್ಪಾಗಲಾರದು. ನಡುವೆ ಕನಕಾನಹಳ್ಳಿಯ ಜನ ಏನುಂಡರು ಎನ್ನುವುದನ್ನು ಮಾತ್ರ ಯಾರೂ ಬರೆದಿಲ್ಲ.

ಅದೇ ಟಿಪ್ಪು ಶಾಂತಿಯ ಕಾಲದಲ್ಲಿ ಸಮುದ್ರದಾಚೆಗೆ ಕಣ್ಣಿಟ್ಟವನು. ಮಸ್ಕತ್ತಿನಲ್ಲಿ ಅವನ ಕೋಠಿಯಿತ್ತು. ಮಂಗಳೂರಿನಿಂದ ಅಕ್ಕಿ, ಗಂಧ, ಮೆಣಸು, ಏಲಕ್ಕಿ ಅಲ್ಲಿಗೆ ಹೋಗುತ್ತಿದ್ದವು. ಮಸ್ಕತ್ತಿನವರ ಅನ್ನಕ್ಕೆ ನಮ್ಮ ಕರಾವಳಿಯ ಅಕ್ಕಿ ಬೇಕಿತ್ತು. ಅಲ್ಲಿಂದ ಗಂಧಕ, ಕೇಸರಿ, ಖರ್ಜೂರದಂಥವು ಬರುತ್ತಿದ್ದವು. ರೇಷ್ಮೆಹುಳುಗಳನ್ನೂ ಅವನ್ನು ಸಾಕಬಲ್ಲವರನ್ನೂ ಕಳುಹಿಸಿಕೊಡಿ ಎಂದು ಅವನು ಅಲ್ಲಿನ ಅಧಿಕಾರಿಗೆ ಪತ್ರ ಬರೆದದ್ದೂ ಉಂಟು. ರೇಷ್ಮೆಯ ಊರುಗಳಾದ ನಮ್ಮ ರಾಮನಗರ, ಚನ್ನಪಟ್ಟಣಗಳ ಮೂಲದಲ್ಲಿಯೂ ಹೀಗೆ ಒಂದು ಆಮದಿನ ಕತೆಯಿದೆ. ಮಸ್ಕತ್ತಿನಲ್ಲಿ ಸುಲ್ತಾನನ ವ್ಯಾಪಾರಕ್ಕೆ ದಲ್ಲಾಳಿಯಾಗಿದ್ದವನು ಒಬ್ಬ ಹಿಂದೂ ಸೇಠ್ ಎಂಬುದನ್ನು ಇಂದಿನ ಭಾಷಣಕಾರರು ಎರಡೂ ಕಡೆಯವರು ಮರೆತಿದ್ದಾರೆ.

ಸಣ್ಣವರ ದುಡ್ಡನ್ನು ವ್ಯಾಪಾರಕ್ಕೆ ತೊಡಗಿಸುವ ಒಂದು ಯೋಜನೆಯೂ ಅವನ ಆಡಳಿತದಲ್ಲಿತ್ತು. 5ರಿಂದ 500 ಇಮಾಮಿವರೆಗೆ ಠೇವಣಿ ಇಟ್ಟವರಿಗೆ ಶೇ. 50, 500ರಿಂದ 5,000ದವರೆಗೆ ಶೇ. 25, ಅದಕ್ಕೂ ಮೇಲಿನವರಿಗೆ ಶೇ. 12 ಲಾಭ. ಬಡವನಿಗೆ ಹೆಚ್ಚು, ಸಿರಿವಂತನಿಗೆ ಕಡಿಮೆ! ಇದು ಎಷ್ಟರಮಟ್ಟಿಗೆ ನಡೆಯಿತೆನ್ನುವುದಕ್ಕಿಂತ, ಹಾಗೆ ಯೋಚಿಸಿದ್ದೇ ನಮಗೆ ಮುಖ್ಯವೆನಿಸುತ್ತದೆ.

ಶುಕ್ರವಾರಪೇಟೆಯ ವ್ಯಾಪಾರಿಗಳು

1800ರಲ್ಲಿ ಚನ್ನಪಟ್ಟಣಕ್ಕೆ ಬಂದ ಬುಕಾನನ್ ಅಲ್ಲಿಯ ಗಾಜಿನ ಬಳೆ, ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಗಳ ಜೊತೆಗೆ ಬಹು ನಯವಾದ ಬಿಳಿ ಸಕ್ಕರೆಯ ಬಗ್ಗೆಯೂ ಬರೆದಿದ್ದಾನೆ. ಆ ಸಕ್ಕರೆ ಮಾಡುವ ಗುಟ್ಟು ಒಂದೇ ಮನೆತನದ ಕೈಯಲ್ಲಿತ್ತು. ಮನೆತನದ ವ್ಯಾಪಾರದ ಬಲ, ದೌರ್ಬಲ್ಯ ಎರಡೂ ಇಲ್ಲಿವೆ. ಗುಟ್ಟು ಮನೆಯೊಳಗೇ ಉಳಿಯುತ್ತದೆ. ಮನೆ ಒಡೆದರೆ ಗುಟ್ಟೂ ಮಣ್ಣಾಗುತ್ತದೆ.

ಹತ್ತೊಂಬತ್ತನೆಯ ಶತಮಾನದ ಮೈಸೂರು ಗೆಜೆಟಿಯರಿನಲ್ಲಿ ಲೂಯಿಸ್ ರೈಸ್ ಚನ್ನಪಟ್ಟಣದ ಶುಕ್ರವಾರಪೇಟೆಯ ಲಬ್ಬೆ ಮತ್ತು ದಾಯಿರಾ ಮುಸಲ್ಮಾನರನ್ನು ಹೆಸರಿಸುತ್ತಾನೆ. ಅವರು ಪಶ್ಚಿಮ ಕರಾವಳಿಯೊಡನೆ ವ್ಯಾಪಾರ ಮಾಡುವವರು, ರೇಷ್ಮೆಯಲ್ಲಿಯೂ ತೊಡಗಿದವರು. ದಾಯಿರಾದವರೆಂದರೆ ಮಹ್ದವಿಗಳು. 1790ರ ದಶಕದಲ್ಲಿ ಟಿಪ್ಪು ತನ್ನ ರಾಜ್ಯದಿಂದ ಹೊರಹಾಕಿದ್ದು ಈ ಮಹ್ದವಿಗಳನ್ನೇ. ಹೊರಹಾಕಿಸಿಕೊಂಡ ಜನ ಅದೇ ನೆಲದಲ್ಲಿ ಬೇರುಬಿಟ್ಟು ಕರಾವಳಿಗೂ ಬಯಲುಸೀಮೆಗೂ ಸೇತುವೆಯಾದರು. ನಮ್ಮವರು ನಮ್ಮವರಿಗೇ ಮಾಡಿದ ಅನ್ಯಾಯವನ್ನೂ ನಾವು ಬರೆಯಬೇಕು. ಇಲ್ಲದಿದ್ದರೆ ಬೇರೆಯವರ ಅನ್ಯಾಯದ ಬಗ್ಗೆ ಮಾತಾಡುವ ಹಕ್ಕು ನಮಗಿರುವುದಿಲ್ಲ.

1876-78ರ ಮಹಾ ಕ್ಷಾಮದಲ್ಲಿ ಮೈಸೂರು ಸಂಸ್ಥಾನ ಸುಮಾರು ಹತ್ತು ಲಕ್ಷ ಜನರನ್ನು ಕಳೆದುಕೊಂಡಿತು. ಮದರಾಸಿನಿಂದ ಬೆಂಗಳೂರಿನವರೆಗೆ ರೈಲಿನಲ್ಲಿ ಧಾನ್ಯ ಬಂತು. ಅಲ್ಲಿಂದ ಮುಂದಕ್ಕೆ ಎಳೆಯಲು ಎತ್ತುಗಳೇ ಉಳಿದಿರಲಿಲ್ಲ. ಬರಪರಿಹಾರದ ಕಾಮಗಾರಿಯಾಗಿ ಎದ್ದ ಬೆಂಗಳೂರು-ಮೈಸೂರು ರೈಲುದಾರಿ 1881-82ರಲ್ಲಿ ಕ್ಲೋಸ್‌ಪೇಟೆ, ಚನ್ನಪಟ್ಟಣಗಳ ಮೂಲಕ ಓಡಿತು. ಕ್ಲೋಸ್‌ಪೇಟೆಯೇ ಇಂದಿನ ರಾಮನಗರ. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ ಜಪಾನೀಯರು ಬರ್ಮಾ ಹಿಡಿದಾಗ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಉಡುಪಿ ಸೀಮೆಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ್ದ ಹೋಟೆಲು, ಅಂದರೆ ನಂತರದ ಎಂ.ಟಿ.ಆರ್., ಅಕ್ಕಿಯ ಬದಲು ರವೆಯಲ್ಲಿ ಇಡ್ಲಿ ಮಾಡಿ ನೋಡಿದ್ದು ಆ ಅಭಾವದಲ್ಲಿಯೇ. 2005ರಲ್ಲಿ ವಯನಾಡಿನ ಮುಸ್ತಫಾ ಮತ್ತವರ ಸೋದರಸಂಬಂಧಿಗಳು ಬೆಂಗಳೂರಿನ ತಿಪ್ಪಸಂದ್ರದ ಪುಟ್ಟ ಜಾಗದಲ್ಲಿ ಇಡ್ಲಿ-ದೋಸೆಯ ಹಿಟ್ಟು ಮಾರಲು ಆರಂಭಿಸಿದರು. ಅದೇ ಮುಂದೆ ಐಡಿ ಫ್ರೆಶ್ ಎಂದು ಕೊಲ್ಲಿ ದೇಶಗಳನ್ನೂ ತಲುಪಿತು. ಜಾತಿ ಧರ್ಮ ಯಾವುದೇ ಇರಲಿ, ಅಣ್ಣತಮ್ಮಂದಿರ ಅಡಿಗೆ ವ್ಯಾಪಾರದ ಕತೆ ಒಂದೇ ಬಗೆಯದು.

ಆಮದಿನ ಇನ್ನೊಂದು ಮುಖ

ಆಮದು ಎಂದರೆ ಎಲ್ಲವೂ ಹಬ್ಬವಲ್ಲ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ಗೂಡಿನ ಮಾರುಕಟ್ಟೆಗೆ ಇದು ಗೊತ್ತು. 2011ರಲ್ಲಿ ಕೇಂದ್ರ ಸರಕಾರ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ 5ಕ್ಕೆ ಇಳಿಸಿದಾಗ ಗೂಡಿನ ಬೆಲೆ ಕುಸಿದು ರೈತರೂ ರೀಲರುಗಳೂ ಬೀದಿಗೆ ಬಿದ್ದರು. ಬೆಳೆಯುವವರು ಬಹುಪಾಲು ಒಕ್ಕಲಿಗರು, ನೂಲು ತೆಗೆಯುವವರು ಬಹುಪಾಲು ಮುಸಲ್ಮಾನರು; ಏಟು ಇಬ್ಬರಿಗೂ ಒಂದೇ. ಚನ್ನಪಟ್ಟಣದ ಅರಗಿನ ಬೊಂಬೆಗಳಿಗೆ ಚೀನಾದ ಪ್ಲಾಸ್ಟಿಕ್ ಆಟಿಕೆಗಳಿಂದ ಬಿದ್ದ ಪೆಟ್ಟೂ ಹೀಗೆಯೇ. 2020ರಲ್ಲಿ ಆಟಿಕೆಗಳ ಸುಂಕ ಶೇ. 20ರಿಂದ 60ಕ್ಕೆ ಏರಿದ ಮೇಲೆ ಸ್ವಲ್ಪ ಉಸಿರು ಬಂತು. ಇಲ್ಲಿ ಬೆಳೆಯದ್ದನ್ನು ತರುವುದು ಬೇರೆ, ಇಲ್ಲಿ ದುಡಿಯುವವನ ಕೈಯನ್ನು ಕತ್ತರಿಸುವಂತೆ ತರುವುದು ಬೇರೆ. ವ್ಯಾಪಾರದ ಹಲಾಲ್-ಹರಾಮ್ ಮಾತಾಡುವಾಗ ಈ ಭೇದವನ್ನೂ ನಾವು ಎಣಿಸಬೇಕು.

ನಮ್ಮ ನಂಟಸ್ತಿಕೆಯ ಮನೆಯೊಂದು ಆ ಪೆಟ್ಟಿನಲ್ಲೇ ರೇಷ್ಮೆ ಬಿಟ್ಟದ್ದು. ಇಬ್ಬರು ತಮ್ಮಂದಿರು, ಒಬ್ಬ ಆಪಾ. ಆಪಾರ ಗಂಡ ಕೊಲ್ಲಿಯಲ್ಲಿ ಕೆಲಸಕ್ಕಿದ್ದರು. ಅಲ್ಲಿಂದ ಖರ್ಜೂರ ತರಿಸೋಣವೆಂದು ಮೂವರೂ ನಿಶ್ಚಯಿಸಿದರು. ಆಮದಿನ ಸಂಕೇತ ಸಂಖ್ಯೆ, ಆಹಾರ ಸುರಕ್ಷತಾ ಪ್ರಾಧಿಕಾರದ ಕೇಂದ್ರ ಪರವಾನಗಿ, ಬೆಳೆ ಆರೋಗ್ಯದ ಪ್ರಮಾಣಪತ್ರ ಹೀಗೆ ಒಂದೊಂದಕ್ಕೂ ಅಲೆದರು. ಒಂದು ಕಂಟೇನರು ತುಂಬುವಷ್ಟು ಬಂಡವಾಳವಿಲ್ಲದೆ ಬೆಂಗಳೂರಿನ ಇನ್ನೊಬ್ಬರ ಜೊತೆ ಪಾಲು ಹಾಕಿದರು. ಮೊದಲ ಸರಕು ಬಂದಾಗ ಡಬ್ಬಿಯ ಮೇಲಿನ ಚೀಟಿಯಲ್ಲಿ ಏನೋ ಲೋಪವೆಂದು ಬಂದರಿನಲ್ಲಿ ನಿಂತಿತು. ನಿಂತ ಪ್ರತಿ ದಿನಕ್ಕೂ ಬಾಡಿಗೆ. ಬಾಳುವ ಅವಧಿಯ ಲೆಕ್ಕವೂ ಅಲ್ಲಿ ಕಟ್ಟುನಿಟ್ಟು. ಸರಕು ಊರು ತಲುಪುವಾಗ ರಂಜಾನಿನ ಅರ್ಧ ಮುಗಿದಿತ್ತು.

ನಷ್ಟಕ್ಕಿಂತ ದೊಡ್ಡ ಮಾತು ಆಮೇಲೆ ಎದ್ದಿತು. ಬಂಡವಾಳದ ಅರ್ಧ ಆಪಾರ ಬಳೆಗಳನ್ನು ಅಡವಿಟ್ಟು ಬಂದದ್ದು. ಪಾಲುದಾರಿಕೆಯ ಪತ್ರದಲ್ಲಿ ಮಾತ್ರ ತಮ್ಮಂದಿರ ಹೆಸರಷ್ಟೇ ಇತ್ತು. "ಆಪಾ, ನೀವು ಕೊಟ್ಟದ್ದು ಮದತ್ತು, ಹಿಸ್ಸೆ ಅಲ್ಲವಲ್ಲ?" ಎಂದು ಕಿರಿಯವನು ಕೇಳಿದಾಗ ಆಕೆ ಉತ್ತರ ಕೊಡದೆ ಎದ್ದು ಒಳಗೆ ಹೋದರು. ಕುರ್‌ಆನಿನಲ್ಲಿ ಅತ್ಯಂತ ದೀರ್ಘವಾದ ಆಯತ್ ನಮಾಝಿನ ಬಗ್ಗೆ ಇಲ್ಲ, ಉಪವಾಸದ ಬಗ್ಗೆ ಇಲ್ಲ; ಕೊಡುಕೊಳ್ಳುವ ಸಾಲವನ್ನು ಬರೆದಿಡುವ ಬಗ್ಗೆ ಇದೆ. ಖದೀಜಾ(ರ)ರ ಬಂಡವಾಳದಿಂದಲೇ ಪ್ರವಾದಿಯವರು ಸಿರಿಯಾಕ್ಕೆ ವ್ಯಾಪಾರಕ್ಕೆ ಹೋದದ್ದು. ಇದನ್ನು ಜುಮಾ ಪ್ರವಚನದಲ್ಲಿ ಕೇಳಿ ತಲೆದೂಗುವ ನಾವು, ಅಕ್ಕನ ಬಳೆಯ ಲೆಕ್ಕವನ್ನು ಬರೆಯಲು ನಾಚುತ್ತೇವೆ. ಆ ಮನೆಯ ಹಿರಿಯ ತಮ್ಮ ಕೊನೆಗೆ ವಕೀಲರ ಬಳಿ ಹೋಗಿ ಮೂವರ ಹೆಸರಿನಲ್ಲಿ ಹೊಸ ಪತ್ರ ಬರೆಸಿ ನೋಂದಾಯಿಸಿದ. ಅಂಗಡಿ ಉಳಿದದ್ದು ಖರ್ಜೂರದಿಂದಲ್ಲ, ಆ ಪತ್ರದಿಂದ ಎಂದು ನಾವು ತಿಳಿದಿದ್ದೇವೆ.

ಯಾವುದು ಹೊರಗಿನದು?

2022ರ ಬೇಸಿಗೆಯಲ್ಲಿ ನಮ್ಮ ರಾಜ್ಯದ ಹಲವು ಜಾತ್ರೆಗಳಲ್ಲಿ ಮುಸ್ಲಿಮರು ಅಂಗಡಿ ಹಾಕಬಾರದೆಂಬ ಫಲಕಗಳು ಎದ್ದವು. ಹೊರಗಿನವರು ಎಂಬ ಮಾತು ಆಗ ಬಹಳ ಸುಲಭವಾಗಿ ಕೇಳಿಬಂತು. ಹೊರಗಿನದನ್ನೆಲ್ಲ ಬಿಡುವುದಾದರೆ ನಮ್ಮ ಊಟದೆಲೆಯಲ್ಲಿ ಉಳಿಯುವುದೇನು? ಮೆಣಸಿನಕಾಯಿ ಅಮೆರಿಕಾ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಸಾರಿನ ಇಂಗು ಇರಾನ್, ಆಫ್ಘಾನಿಸ್ತಾನಗಳದು. ಕಾಫಿಯನ್ನು ಬಾಬಾ ಬುಡನ್ ಯೆಮನ್ನಿನಿಂದ ತಂದರೆಂಬುದು ನಾಡೇ ಒಪ್ಪಿದ ಪ್ರತೀತಿ. ಮಾಗಡಿ, ಕನಕಪುರದ ರೈತ ತನ್ನ ಪ್ರಾಣವೆಂದು ತಿಳಿದಿರುವ ರಾಗಿಯೂ ಸಾವಿರಾರು ವರ್ಷಗಳ ಹಿಂದೆ ಪೂರ್ವ ಆಫ್ರಿಕಾದ ಎತ್ತರದ ನೆಲದಿಂದ ಬಂದದ್ದು. ಬಂದದ್ದನ್ನು ಬಿತ್ತಿ, ಬೆವರು ಸುರಿಸಿ, ಮುದ್ದೆ ಮಾಡಿ ಉಂಡ ಮೇಲೆ ಅದು ನಮ್ಮದಾಯಿತು. ಮನುಷ್ಯರ ವಿಷಯದಲ್ಲಿಯೂ ಲೆಕ್ಕ ಬೇರೆಯಿರಲು ಸಾಧ್ಯವಿಲ್ಲ.

ಉತ್ತುತ್ತೆಯ ದಾರಿಯೂ ಈಚೆಗೆ ಕಷ್ಟಕ್ಕೆ ಸಿಕ್ಕಿತು. ಅದು ಹೆಚ್ಚಾಗಿ ಬರುತ್ತಿದ್ದುದು ಸಿಂಧ್‌ನಿಂದ. 2019ರ ಫೆಬ್ರವರಿಯಲ್ಲಿ ಪಾಕಿಸ್ತಾನದ ಸರಕುಗಳ ಮೇಲೆ ಶೇ. 200 ಸುಂಕ ಬಿತ್ತು. 2025ರ ಮೇ ತಿಂಗಳಲ್ಲಿ ಅಲ್ಲಿಯ ಆಮದು ಪೂರ್ತಿ ನಿಷೇಧವಾಯಿತು. ಸರಕಾರಗಳ ಜಗಳದಲ್ಲಿ ಉತ್ತುತ್ತೆಗೆ ಪಕ್ಷವಿಲ್ಲ. ಆದರೂ ಮಡಿಲು ತುಂಬುವುದು ನಿಂತಿಲ್ಲ, ನಿಕಾಹ್ ನಿಂತಿಲ್ಲ. ಯಾರೋ ಅಣ್ಣ, ಯಾರೋ ತಮ್ಮ, ಹೆಸರು ಬರೆಸಿಕೊಂಡ ಯಾರೋ ಅಕ್ಕ ಬೇರೊಂದು ದಾರಿ ಹುಡುಕುತ್ತಾರೆ. ಮುಂದಿನ ಸಲ ಮಡಿಲಕ್ಕಿಯಲ್ಲಿ ಆ ಸುಕ್ಕುಗಟ್ಟಿದ ಕಾಯಿಯನ್ನು ಕಂಡಾಗ, ಅದನ್ನು ಅಲ್ಲಿಯವರೆಗೆ ತಂದು ಮುಟ್ಟಿಸಿದ ಕೈಗಳನ್ನೂ ಒಮ್ಮೆ ನೆನೆದರೆ ಸಾಕು.