ಮುಂಡಗೋಡದ ಟಿಬೆಟನ್ನರು: ಆಶ್ರಯ ಸಿಕ್ಕಿತು, ಪೌರತ್ವ?

ಧಾರವಾಡ ಜಿಲ್ಲೆಯ ಕಲಘಟಗಿ ತಾಲ್ಲೂಕಿನ ಗಡಿಗೆ ಹೊಂದಿಕೊಂಡಿರುವ ಉತ್ತರ ಕನ್ನಡದ ಮುಂಡಗೋಡದಲ್ಲಿ ಟಿಬೆಟನ್ ನಿರಾಶ್ರಿತರು ನೆಲೆಸಿ ಆರು ದಶಕಗಳಾಗುತ್ತಿವೆ. ಅಲ್ಲಿಯೇ ಹುಟ್ಟಿ ಬೆಳೆದ ಅನೇಕರು ಕನ್ನಡವನ್ನೂ ಬಲ್ಲರು. ಆದರೂ ಕಾನೂನಿನ ಕಣ್ಣಿನಲ್ಲಿ ಅವರಲ್ಲಿ ಹಲವರು ಇಂದಿಗೂ ವಿದೇಶಿಯರು.

ಹಿನ್ನೆಲೆ

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು. ಅವರನ್ನು ಅನುಸರಿಸಿ ಬಂದ ಸಾವಿರಾರು ಜನರಿಗೆ ಆಗಿನ ಮೈಸೂರು ರಾಜ್ಯ ಭೂಮಿ ನೀಡಿತು. 1960ರಲ್ಲಿ ಬೈಲಕುಪ್ಪೆ, 1966ರಲ್ಲಿ ಮುಂಡಗೋಡ ಶಿಬಿರಗಳು ಆರಂಭವಾದವು. ಗಾಂದೆನ್ ಹಾಗೂ ದ್ರೆಪುಂಗ್ ಮಹಾವಿಹಾರಗಳು ಮುಂಡಗೋಡದಲ್ಲಿ ಮರುಸ್ಥಾಪನೆಗೊಂಡವು.

ಕಾನೂನು ಏನನ್ನುತ್ತದೆ?

ನಿರಾಶ್ರಿತರ ಕುರಿತಾದ 1951ರ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾಯ್ದೆಯೂ ದೇಶದಲ್ಲಿಲ್ಲ. ಆದುದರಿಂದ ಟಿಬೆಟನ್ನರು ವಿದೇಶಿಯರಾಗಿ ನೋಂದಾಯಿಸಿಕೊಂಡು, ನೋಂದಣಿ ಪ್ರಮಾಣಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕು. ವಿದೇಶ ಪ್ರಯಾಣಕ್ಕೆ ಪಾಸ್‌ಪೋರ್ಟ್ ಬದಲು ಹಳದಿ ರಕ್ಷಾಪುಟದ ಗುರುತಿನ ಪ್ರಮಾಣಪತ್ರ ದೊರೆಯುತ್ತದೆ. ಈ ಕಾಗದಗಳು ವಾಸಕ್ಕೂ ಓಡಾಟಕ್ಕೂ ಅನುಮತಿ ಕೊಡುತ್ತವೆಯೇ ಹೊರತು ಮತದಾನದ ಹಕ್ಕನ್ನಲ್ಲ. ಸ್ವಂತ ಹೆಸರಿನಲ್ಲಿ ಜಮೀನು ಕೊಳ್ಳಲು ನಾಗರಿಕರಿಗಿರುವ ಸ್ವಾತಂತ್ರ್ಯವೂ ಇವರಿಗಿಲ್ಲ.

ಒಂದು ದಿನದ ಅಂತರ

ಪೌರತ್ವ ಕಾಯ್ದೆಯ 3ನೇ ಕಲಮಿನ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಜನಿಸಿದವರು, ತಂದೆ-ತಾಯಿ ಯಾರೇ ಆಗಿರಲಿ, ಹುಟ್ಟಿನಿಂದಲೇ ಭಾರತೀಯರು. ಅನಂತರ ಜನಿಸಿದವರಿಗೆ ಹೆತ್ತವರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. 2004ರ ಡಿಸೆಂಬರ್ 3ರಿಂದ ನಿಯಮ ಇನ್ನೂ ಬಿಗಿಯಾಯಿತು. ಹೀಗಾಗಿ ನಿರಾಶ್ರಿತ ದಂಪತಿಗೆ 1987ರ ಜೂನ್ 30ರಂದು ಹುಟ್ಟಿದ ಮಗು ಭಾರತೀಯ. ಮರುದಿನ ಹುಟ್ಟಿದ ನೆರೆಮನೆಯ ಮಗು ವಿದೇಶಿ. ಒಂದೇ ಮನೆಯಲ್ಲಿ ಅಣ್ಣನಿಗಿರುವ ಹಕ್ಕು ತಂಗಿಗೆ ಇಲ್ಲದಿರಬಹುದು.

ಈ ಹಕ್ಕು ಕೂಡ ತಾನಾಗಿ ಕೈಗೆ ಬರಲಿಲ್ಲ. 1986ರಲ್ಲಿ ಜನಿಸಿದ್ದ ನಾಮ್‌ಗ್ಯಾಲ್ ಡೋಲ್ಕರ್ ಅವರಿಗೆ ಪಾಸ್‌ಪೋರ್ಟ್ ನಿರಾಕರಿಸಲಾಗಿತ್ತು. ಅವರು ಹುಟ್ಟಿನಿಂದಲೇ ಭಾರತೀಯರೆಂದು ದೆಹಲಿ ಹೈಕೋರ್ಟ್ 2010ರ ಡಿಸೆಂಬರ್ 22ರಂದು ತೀರ್ಪಿತ್ತಿತು. 2013ರಲ್ಲಿ ಕರ್ನಾಟಕ ಹೈಕೋರ್ಟ್ ಸಹ ಇದೇ ನಿಲುವು ತಳೆಯಿತು. ಈ ಅವಧಿಯಲ್ಲಿ ಜನಿಸಿದ ಟಿಬೆಟನ್ನರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸುವಂತೆ ಚುನಾವಣಾ ಆಯೋಗ 2014ರಲ್ಲಿ ಸೂಚಿಸಿತು.

ಪಡೆಯುವುದೇ, ಬಿಡುವುದೇ?

2017ರಲ್ಲಿ ವಿದೇಶಾಂಗ ಸಚಿವಾಲಯವು ಭಾರತೀಯ ಪಾಸ್‌ಪೋರ್ಟ್ ಬಯಸುವ ಟಿಬೆಟನ್ನರಿಗೆ ಷರತ್ತುಗಳನ್ನು ಮುಂದಿಟ್ಟಿತು. ನೋಂದಣಿ ಪತ್ರವನ್ನು ಹಿಂದಿರುಗಿಸುವುದು, ನಿರಾಶ್ರಿತ ಶಿಬಿರದಲ್ಲಿ ವಾಸಿಸದಿರುವುದು, ನಿರಾಶ್ರಿತರೆಂಬ ನೆಲೆಯಲ್ಲಿ ದೊರೆಯುವ ಸವಲತ್ತುಗಳನ್ನು ತ್ಯಜಿಸುವುದು ಅವುಗಳಲ್ಲಿ ಸೇರಿದ್ದವು. ಪೌರತ್ವದ ಬೆಲೆಯಾಗಿ ಹುಟ್ಟಿದ ಮನೆಯನ್ನೇ ತೊರೆಯಬೇಕೆ ಎಂಬ ಪ್ರಶ್ನೆ ಎದ್ದಿತು. ಮತ್ತೊಂದೆಡೆ, ಪೌರತ್ವ ಪಡೆದರೆ ತಾಯ್ನಾಡಿನ ಹೋರಾಟ ದುರ್ಬಲವಾದೀತೆಂಬ ಅಳುಕು ಸಮುದಾಯದೊಳಗೇ ಇದೆ.

2019ರ ಪೌರತ್ವ ತಿದ್ದುಪಡಿ ಕಾಯ್ದೆ ಪಾಕಿಸ್ತಾನ, ಬಾಂಗ್ಲಾದೇಶ ಹಾಗೂ ಅಫ್ಘಾನಿಸ್ತಾನದಿಂದ ಬಂದವರಿಗಷ್ಟೇ ಅನ್ವಯಿಸುವುದರಿಂದ ಟಿಬೆಟನ್ನರಿಗೆ ಅದರ ಪ್ರಯೋಜನವಿಲ್ಲ. ಆಶ್ರಯವು ಸರ್ಕಾರದ ಔದಾರ್ಯ. ಪೌರತ್ವವು ನ್ಯಾಯಾಲಯದಲ್ಲಿ ಕೇಳಿ ಪಡೆಯಬಹುದಾದ ಹಕ್ಕು. ಮುಂಡಗೋಡದ ಮೂರನೆಯ ತಲೆಮಾರಿನ ಬದುಕು ಇವೆರಡರ ನಡುವೆ ಸಾಗಿದೆ.