ಲಕ್ಯಾ ಕಟ್ಟೆಯ ಹೂಳು, ಹೆಕ್ಟೇರಿನ ಲೆಕ್ಕ: ಗಣಿ ಮುಚ್ಚುವಿಕೆಯ ಭದ್ರತಾ ಹಣದ ಒಂದು ಪರಿಶೀಲನೆ

ಗಣಿ ನಿಲ್ಲುವುದಕ್ಕೆ ತಾರೀಕಿರುತ್ತದೆ. ಕುದುರೆಮುಖದ ಕಬ್ಬಿಣದ ಗಣಿಯಲ್ಲಿ ಅದು 2005ರ ಡಿಸೆಂಬರ್ 31. ವನ್ಯಜೀವಿ ಸಂರಕ್ಷಕ ಕೆ.ಎಂ. ಚಿನ್ನಪ್ಪ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2002ರ ಅಕ್ಟೋಬರ್ 30ರಂದು ನೀಡಿದ ತೀರ್ಪು ಆ ಗಡುವನ್ನು ಗಟ್ಟಿ ಮಾಡಿತು. ಅಗೆದ ನೆಲ ಸುಧಾರಿಸುವುದಕ್ಕೆ ಮಾತ್ರ ಅಂಥ ತಾರೀಕಿಲ್ಲ. ಹಾಗಿರುವಾಗ ಗಣಿಗಾರ ಭದ್ರತೆಗೆಂದು ಇಟ್ಟ ಹಣವನ್ನು ಬಿಡುಗಡೆ ಮಾಡುವುದು ಯಾವಾಗ, ಏನನ್ನು ಅಳೆದು ಎಂಬುದು ಇಲ್ಲಿನ ಪ್ರಶ್ನೆ.

ಕೋರ್ಟು-ಕಚೇರಿಯ ಕನ್ನಡದಲ್ಲಿ ಇಂಥ ಬಾಂಡಿಗೆ 'ಮುಚ್ಚಳಿಕೆ' ಎನ್ನುತ್ತಾರೆ. ಕೇಳಿದರೆ ಗಣಿ ಮುಚ್ಚುವುದಕ್ಕೇ ಹುಟ್ಟಿದ ಪದವೇನೋ ಅನ್ನಿಸುತ್ತದೆ. ಆದರೆ ಅದು ಪಾರಸಿಯ ದಾರಿಯಿಂದ ಬಂದ 'ಮುಚಲ್ಕಾ'. ನಮ್ಮ 'ಮುಚ್ಚು' ಧಾತುವಿಗೂ ಅದಕ್ಕೂ ನಂಟಿಲ್ಲ. ನಿಯಮಗಳಲ್ಲೂ ಇವೆರಡರ ನಂಟು ಬೆಳೆದದ್ದು ತಡವಾಗಿ. ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳಿಗೆ 2003ರಲ್ಲಿ ತಂದ ತಿದ್ದುಪಡಿಯು ಯಂತ್ರೀಕೃತ 'ಎ' ವರ್ಗದ ಗಣಿಗೆ ಹೆಕ್ಟೇರಿಗೆ 25,000 ರೂಪಾಯಿ, 'ಬಿ' ವರ್ಗಕ್ಕೆ 15,000 ರೂಪಾಯಿ ಭದ್ರತೆ ಗೊತ್ತುಮಾಡಿತು. 2017ರ ನಿಯಮಗಳು ಇದನ್ನು ಕ್ರಮವಾಗಿ 3 ಲಕ್ಷ ಮತ್ತು 2 ಲಕ್ಷಕ್ಕೆ ಏರಿಸಿದವು. ಕಲ್ಲಿದ್ದಲಿನ ದಾರಿ ಬೇರೆ. 2009ರ ಮಾರ್ಗಸೂಚಿಯ ಪ್ರಕಾರ ತೆರೆದ ಗಣಿಗೆ ಹೆಕ್ಟೇರಿಗೆ 6 ಲಕ್ಷ, ನೆಲದಡಿಯ ಗಣಿಗೆ 1 ಲಕ್ಷ ಇತ್ತು. ಅದನ್ನು ವರ್ಷವರ್ಷ ಎಸ್ಕ್ರೋ ಖಾತೆಗೆ, ಅಂದರೆ ಷರತ್ತು ಪೂರೈಸುವವರೆಗೆ ಹಣ ತೆಗೆಯಲಾಗದ ಖಾತೆಗೆ, ಕಟ್ಟಬೇಕಿತ್ತು. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಯಿಲ್ಲ. ಆದರೂ ಹೋಲಿಕೆ ಉಪಯುಕ್ತ, ಏಕೆಂದರೆ ಎರಡೂ ಕಡೆ ಅಳತೆಗೋಲು ಒಂದೇ: ಹೆಕ್ಟೇರು.

ಕುದುರೆಮುಖದ ಗುತ್ತಿಗೆ 4,604.55 ಹೆಕ್ಟೇರು. ಭದ್ರತೆ ಲೆಕ್ಕಕ್ಕೆ ಬರುವುದು ಗಣಿ ಕೆಲಸಕ್ಕೆ ಬಳಸಿದ ನೆಲ ಮಾತ್ರ. ವಾದಕ್ಕಾಗಿ ಇಡೀ ಗುತ್ತಿಗೆಯನ್ನೇ ಹಿಡಿಯೋಣ. 2003ರ ದರದಲ್ಲಿ ಸುಮಾರು 11.5 ಕೋಟಿ ರೂಪಾಯಿ, 2017ರ ದರದಲ್ಲಿ 138 ಕೋಟಿ. ನೆಲ ಅದೇ, ಗಾಯ ಅದೇ. ಮೊತ್ತ ಹನ್ನೆರಡು ಪಟ್ಟು. ದರ ನಿಗದಿಯಾದದ್ದು ಗಾಯ ನೋಡಿ ಅಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಗಾಯ ಎಲ್ಲಿದೆ? ಇಲ್ಲಿನ ಅದಿರಿನಲ್ಲಿ ಕಬ್ಬಿಣ ನೂರಕ್ಕೆ ಸುಮಾರು 38 ಪಾಲು. ಬಂಡೆಯನ್ನು ಹಿಟ್ಟಿನಂತೆ ಅರೆದು, ಕಬ್ಬಿಣ ಹೆಚ್ಚಿರುವ ಪುಡಿಯನ್ನು ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಪಣಂಬೂರಿಗೆ ಹರಿಸುತ್ತಿದ್ದರು. ಕಾರ್ಖಾನೆಯ ಸಾಮರ್ಥ್ಯ ವರ್ಷಕ್ಕೆ 2.25 ಕೋಟಿ ಟನ್ ಅದಿರು, ಅದರಿಂದ 75 ಲಕ್ಷ ಟನ್ ಸಾಂದ್ರಿತ ಪುಡಿ. ಉಳಿದ ಮೂರರಲ್ಲಿ ಎರಡು ಪಾಲು, ನುಣ್ಣಗಿನ ಕೆಸರು, ಲಕ್ಯಾ ಹೊಳೆಗೆ ಕಟ್ಟಿದ ನೂರು ಮೀಟರ್ ಎತ್ತರದ ಮಣ್ಣಿನ ಕಟ್ಟೆಯ ಹಿಂದೆ ಕೂತಿತು. ಆ ಹೊಳೆ ಸೇರುವುದು ಭದ್ರೆಯನ್ನು. ಹೆಕ್ಟೇರಿನ ಲೆಕ್ಕಕ್ಕೆ ಉದ್ದ-ಅಗಲ ಗೊತ್ತು, ಆಳ ಗೊತ್ತಿಲ್ಲ. ಕಚೇರಿ ಕಟ್ಟಡ ನಿಂತ ಹೆಕ್ಟೇರಿಗೂ ಕೆಸರು ತುಂಬಿದ ಹೆಕ್ಟೇರಿಗೂ ಅದು ಒಂದೇ ಬೆಲೆ ಕಟ್ಟುತ್ತದೆ.

ಅಮೆರಿಕದ 1977ರ ಮೇಲ್ಮೈ ಗಣಿಗಾರಿಕೆ ಕಾಯ್ದೆ ಈ ವಿಷಯದಲ್ಲಿ ಹೆಚ್ಚು ಜಾಣ. ಕಂಪನಿ ಕೈಕೊಟ್ಟರೆ ಸರಕಾರವೇ ಕೆಲಸ ಮುಗಿಸಲು ಎಷ್ಟು ಬೇಕೋ ಅಷ್ಟು ಬಾಂಡು. ಗುಂಡಿ ತುಂಬಿ, ನೆಲ ಹದಗೊಳಿಸಿ, ನೀರಿನ ಹರಿವು ಸರಿಪಡಿಸಿದ ಮೇಲೆ 60 ಪ್ರತಿಶತದವರೆಗೆ ಬಿಡುಗಡೆ. ಹಸಿರು ಬೇರೂರಿದಾಗ ಇನ್ನೊಂದು ಪಾಲು. ಕೊನೆಯದು ಹೊಣೆಗಾರಿಕೆಯ ಅವಧಿ ಮುಗಿದ ಮೇಲೆ. ಆ ಅವಧಿ ಸಾಮಾನ್ಯವಾಗಿ 5 ವರ್ಷ. ಮಳೆ ವರ್ಷಕ್ಕೆ 26 ಅಂಗುಲ ಮೀರದ ಕಡೆ 10 ವರ್ಷ. ಮಳೆ ಹೆಚ್ಚಿದ್ದಲ್ಲಿ ಹುಲ್ಲು ಬೇಗ ಹತ್ತುತ್ತದೆ ಎಂಬ ತರ್ಕ.

ಇದನ್ನು ಹಾಗೆಯೇ ಘಟ್ಟಕ್ಕೆ ತಂದರೆ ಎಡವುತ್ತೇವೆ. ಕುದುರೆಮುಖದಲ್ಲಿ ಅದರ ಹಲವು ಪಟ್ಟು ಮಳೆ. ಬೀಜ ಮೊಳೆಯಿಸುವ ಮಳೆಯೇ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಗುಡ್ಡದ ಮಣ್ಣನ್ನು ಹೊಳೆಗೆ ಇಳಿಸುತ್ತದೆ. ಜಲಾನಯನದ ಸಣ್ಣ ತುಂಡಾಗಿದ್ದ ಗಣಿ ಪ್ರದೇಶದಿಂದಲೇ ಹೂಳಿನ ದೊಡ್ಡ ಪಾಲು ಬರುತ್ತಿತ್ತೆಂದು ಭದ್ರೆಯ ಮೇಲ್ಭಾಗದ ಅಧ್ಯಯನಗಳು ತೋರಿಸಿವೆ. ಒಣನಾಡಿನಲ್ಲಿ ಕಾಯುವ ಕಾಲ ಹೆಚ್ಚಾದರೆ, ಇಲ್ಲಿ ಅಷ್ಟೇ ಕಾಲ ಮಳೆಗಾಲದ ಹೊಳೆನೀರಿನ ಹೂಳು ಅಳೆದು ಕಾಯಬೇಕೆಂಬುದು ನನ್ನ ಅಭಿಪ್ರಾಯ. ಹಸಿರನ್ನಷ್ಟೇ ನೆಚ್ಚುವುದೂ ಕಷ್ಟ: ಇದು ಶೋಲಾ ಕಾಡು ಮತ್ತು ಹುಲ್ಲುಗಾವಲಿನ ನಾಡು, ಹುಲ್ಲಿದ್ದ ಇಳಿಜಾರಿನಲ್ಲಿ ಅಕೇಶಿಯ ನೆಟ್ಟರೆ ಎಣಿಕೆಗೆ ಗಿಡ ಸಿಗುತ್ತದೆ, ಹುಲ್ಲುಗಾವಲು ಮರಳುವುದಿಲ್ಲ.

ಇಷ್ಟೆಲ್ಲ ಚರ್ಚೆ ಠೇವಣಿ ಇದ್ದ ಕಡೆಯದು. ಕೋಲಾರದ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು, ಮೇಲೆ ಹೇಳಿದ ತಿದ್ದುಪಡಿಗೆ ಎರಡು ವರ್ಷ ಮೊದಲು. ಅಲ್ಲಿ ಬಿಡುಗಡೆಗೆ ಕಾದ ಹಣವಿಲ್ಲ, ಸುಮಾರು 3.3 ಕೋಟಿ ಟನ್ ಅರೆದ ಕಲ್ಲಿನ ಪುಡಿಯಿದೆ. ಊರವರ ಬಾಯಲ್ಲಿ ಅದು ಸೈನೈಡ್ ದಿಬ್ಬ. ಬೇಸಿಗೆಯ ಗಾಳಿ ಎದ್ದರೆ ಅದರ ದೂಳು ಒಣಗಲು ಹಾಕಿದ ಬಟ್ಟೆಯ ಮೇಲೆ ಬಂದು ಕೂರುತ್ತದೆ.